ದೋಷ ಆಯಿಲ್ ಗ್ರೇಡಿನದೋ, ಎಂಜಿನ್ನಿನದೋ? ಪತ್ತೆ ಮಾಡುವ ಬಗೆ

ಎಂಜಿನ್ ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತರೆ ಆಯಿಲ್ ಲೈಟ್ ಮಿನುಗುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಕಟಕ ಸದ್ದು ಬರುತ್ತದೆ. ಬೈಕ್‌ನಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಕಿರುಚುತ್ತದೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ. ಇಷ್ಟಕ್ಕೂ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ‘ಆಯಿಲ್ ತೆಳುವಾಗಿದೆ, ಸ್ವಲ್ಪ ದಪ್ಪದ್ದು ಹಾಕಿಸಿ.’

ಒಮ್ಮೊಮ್ಮೆ ಈ ಸಲಹೆ ಸರಿಯೇ. ಆದರೆ ಬಹಳ ಸಲ ದೋಷ ಬೇರೆಲ್ಲೋ ಇರುತ್ತದೆ. ದಪ್ಪ ಆಯಿಲ್ ಅದನ್ನು ನಾಲ್ಕು ದಿನ ಮುಚ್ಚಿಡುತ್ತದೆ ಅಷ್ಟೆ. ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟ ಹಾಗೆ, ಸದ್ದು ನಿಲ್ಲುತ್ತದೆ, ಸೋರಿಕೆ ನಿಲ್ಲಲ್ಲ. ಹಾಗಾಗಿ ಇಲ್ಲಿ ಪಾಲಿಸುವ ಕ್ರಮ ಇದು: ಮೊದಲು ಮ್ಯಾನುಯಲ್‌ನಲ್ಲಿ ಹೇಳಿದ ಗ್ರೇಡನ್ನೇ (ಆಯಿಲ್ ದಪ್ಪ ಹೇಳುವ, ಡಬ್ಬದ ಮೇಲಿನ ನಂಬರ್) ಸರಿಯಾದ ಮಟ್ಟಕ್ಕೆ ತುಂಬಿಸಿ, ದೋಷ ಉಳಿಯುತ್ತದೆಯೇ ನೋಡಿ. ಉಳಿದರೆ ಎಂಜಿನ್ನನ್ನು ಪರೀಕ್ಷಿಸಿ. ನಂಬರ್ ಬದಲಿಸುವ ಯೋಚನೆ ಅದಾದ ಮೇಲೆ.

ಡಬ್ಬದ ಮೇಲಿನ ನಂಬರ್

5ಡಬ್ಲ್ಯೂ-30 ಅಂತ ಇದ್ದರೆ ಅದರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಡಬ್ಲ್ಯೂ ಜೊತೆಗಿರುವ ನಂಬರ್ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಅನ್ನುವುದಕ್ಕೆ. ಎಸ್‌ಎಇ ಜೆ300 ಎಂಬ ಮಾನದಂಡದ ಪ್ರಕಾರ 0ಡಬ್ಲ್ಯೂ ಆಯಿಲ್ ಮೈನಸ್ 35 ಡಿಗ್ರಿಯಲ್ಲಿ ಎಂಜಿನ್ ತಿರುಗಿಸಲು ಬಿಡುವಷ್ಟು ತೆಳುವಾಗಿರಬೇಕು. 5ಡಬ್ಲ್ಯೂಗೆ ಮೈನಸ್ 30, 10ಡಬ್ಲ್ಯೂಗೆ ಮೈನಸ್ 25, 15ಡಬ್ಲ್ಯೂಗೆ ಮೈನಸ್ 20. ಎರಡನೆಯ ನಂಬರ್ ಎಂಜಿನ್ ಬಿಸಿಯಾದ ಮೇಲಿನ ದಪ್ಪಕ್ಕೆ. ಅದನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯುತ್ತಾರೆ. ದಪ್ಪ ಅಳೆಯುವ ಮಾನ ಸೆಂಟಿಸ್ಟೋಕ್. 30 ಅಂದರೆ 9.3ರಿಂದ 12.5 ಸೆಂಟಿಸ್ಟೋಕ್‌ವರೆಗೆ, 40 ಅಂದರೆ 12.5ರಿಂದ 16.3ರವರೆಗೆ, 50 ಅಂದರೆ 16.3ರಿಂದ 21.9ರವರೆಗೆ.

ಇಲ್ಲೊಂದು ತಪ್ಪು ತಿಳಿವಳಿಕೆ ತುಂಬ ಓಡಾಡುತ್ತದೆ. 5ಡಬ್ಲ್ಯೂ-30 ಆಯಿಲ್ ತಣ್ಣಗಿರುವಾಗ 5ರಷ್ಟು ತೆಳು, ಬಿಸಿಯಾದಾಗ 30ರಷ್ಟು ದಪ್ಪ ಅಂತ ಕೆಲವರು ನಂಬಿದ್ದಾರೆ. ಹಾಗಲ್ಲ. ಯಾವ ಆಯಿಲ್ ಆದರೂ ಬಿಸಿಯಾದಷ್ಟೂ ತೆಳುವೇ ಆಗುತ್ತದೆ. ಸಾಮಾನ್ಯ 5ಡಬ್ಲ್ಯೂ-30 ಆಯಿಲ್ 40 ಡಿಗ್ರಿಯಲ್ಲಿ 60 ಸೆಂಟಿಸ್ಟೋಕ್ ಆಸುಪಾಸಿನಲ್ಲಿರುತ್ತದೆ, 100 ಡಿಗ್ರಿಗೆ ಬರುವಾಗ 10ರ ಹತ್ತಿರಕ್ಕೆ ಇಳಿದಿರುತ್ತದೆ. ಅಂದರೆ ‘ತೆಳು’ ಅಂತ ನಾವು ಬೈಯುವ ಆಯಿಲ್ಲೇ ತಣ್ಣಗಿರುವಾಗ, ಬಿಸಿಯಾದ 20ಡಬ್ಲ್ಯೂ-50ಕ್ಕಿಂತ ಎಷ್ಟೋ ಪಾಲು ದಪ್ಪ. ಬೆಳಗಿನ ಸ್ಟಾರ್ಟ್‌ನಲ್ಲಿ ಆಯಿಲ್ ತೀರಾ ತೆಳು ಅನ್ನುವ ಸಮಸ್ಯೆ ಬರುವುದೇ ಇಲ್ಲ. ಆಗಿನ ಸಮಸ್ಯೆ ಏನಿದ್ದರೂ ಆಯಿಲ್ ಮೇಲಕ್ಕೆ ಬೇಗ ತಲುಪುವುದಿಲ್ಲ ಅನ್ನುವುದು.

ಮೇಲಿನ ಅಂಕಿಗಳನ್ನು ಇನ್ನೊಮ್ಮೆ ನೋಡಿ. 12.4 ಇದ್ದರೆ ಅದು 30, 12.6 ಇದ್ದರೆ 40. ಇವೆರಡರ ನಡುವೆ ಎಂಜಿನ್ನಿಗೆ ಗೊತ್ತಾಗುವಷ್ಟು ವ್ಯತ್ಯಾಸವೇ ಇಲ್ಲ. ಅದೇ 30ರ ಒಳಗೇ 9.4ರ ಆಯಿಲ್ಲೂ ಇರಬಹುದು, 12.4ರದ್ದೂ ಇರಬಹುದು. ಅದೇ ನಂಬರಿನ ಬೇರೆ ಕಂಪನಿ ಆಯಿಲ್ ಹಾಕಿದಾಗ ಎಂಜಿನ್ ಸದ್ದು ಬದಲಾಯಿತು ಅಂತ ಯಾರಾದರೂ ಹೇಳಿದರೆ ಅದು ಬರೀ ಭ್ರಮೆ ಇರಬೇಕಿಲ್ಲ. ಕಂಪನಿಯವರು ಕೊಡುವ ಡೇಟಾ ಶೀಟ್‌ನಲ್ಲಿ 100 ಡಿಗ್ರಿಯ ಅಂಕಿ ಬರೆದಿರುತ್ತಾರೆ. ಎರಡು ಆಯಿಲ್ ಹೋಲಿಸುವಾಗ ಜಾಹೀರಾತಿನ ಮಾತಿಗಿಂತ ಆ ಅಂಕಿ ನೋಡಿ.

ಯಾವ ದೋಷವಾದರೂ ಮೊದಲು ಡಿಪ್‌ಸ್ಟಿಕ್

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಎಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ, ಮೇಲಿರುವ ಆಯಿಲ್ ಎಂಜಿನ್ ತಳದ ತೊಟ್ಟಿಗೆ, ಅಂದರೆ ಸಂಪ್‌ಗೆ ಇಳಿಯಲಿ. ಆಯಿಲ್ ಮಟ್ಟ ಅಳೆಯುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ತೆಗೆದು ಒರೆಸಿ, ಮತ್ತೆ ಪೂರ್ತಿ ತೂರಿಸಿ, ತೆಗೆದು ನೋಡಿ. ಬೈಕ್ ಆದರೆ ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಬೇಡಿ, ನೇರವಾಗಿ ನಿಲ್ಲಿಸಿಕೊಳ್ಳಿ. ಕೆಲವು ಬೈಕ್‌ಗಳಲ್ಲಿ ಡಿಪ್‌ಸ್ಟಿಕ್ ಮುಚ್ಚಳವನ್ನು ತಿರುಪಿಯೇ ಅಳೆಯಬೇಕು, ಕೆಲವದರಲ್ಲಿ ತಿರುಪದೆ ಸುಮ್ನೆ ಇಟ್ಟು ಅಳೆಯಬೇಕು. ಮ್ಯಾನುಯಲ್‌ನಲ್ಲಿ ಒಂದೇ ಸಾಲಿನಲ್ಲಿ ಹೇಳಿರುತ್ತಾರೆ, ಅದನ್ನು ಓದದೆ ಅಳೆದರೆ ಲೆಕ್ಕ ತಪ್ಪುತ್ತದೆ.

ಮಟ್ಟ ಕಡಿಮೆ ಇದ್ದರೆ ಅದೇ ಗ್ರೇಡ್ ತುಂಬಿಸಿ, ದೋಷ ಮತ್ತೆ ಬರುತ್ತದೆಯೇ ನೋಡಿ. ತಿರುವಿನಲ್ಲಿ, ಬ್ರೇಕ್ ಹಾಕುವಾಗ ಆಯಿಲ್ ಲೈಟ್ ಮಿನುಗುವುದು ಬಹುಪಾಲು ಇದೇ ಕಾರಣಕ್ಕೆ. ಸಂಪ್‌ನಲ್ಲಿ ಆಯಿಲ್ ಒಂದು ಕಡೆ ವಾಲಿ, ಪಂಪ್ ಗಾಳಿ ಹೀರುತ್ತದೆ.

ಮಟ್ಟ ಮೇಲಿನ ಗೆರೆಗಿಂತ ಜಾಸ್ತಿ ಇದ್ದರೆ ಅದು ಇನ್ನೂ ಕುತೂಹಲದ ಸಂಗತಿ. ಸರ್ವಿಸ್‌ನಲ್ಲಿ ಜಾಸ್ತಿ ಸುರಿದಿರಬಹುದು. ಹಾಗಾದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ, ನೊರೆಗೆ ಒತ್ತಡ ತಡೆಯುವ ಶಕ್ತಿ ಇಲ್ಲ. ಆದರೆ ಸರ್ವಿಸ್ ಆದಾಗ ಸರಿ ಇದ್ದ ಮಟ್ಟ ಈಗ ತಾನಾಗಿ ಏರಿದ್ದರೆ ಆಯಿಲ್ ಒಳಗೆ ಬೇರೇನೋ ಸೇರಿದೆ ಅಂತ ಅರ್ಥ. ಡಿಪ್‌ಸ್ಟಿಕ್ಕನ್ನು ಮೂಗಿನ ಹತ್ತಿರ ಹಿಡಿಯಿರಿ. ಪೆಟ್ರೋಲ್ ವಾಸನೆ ಗಾಢವಾಗಿ ಬಂದರೆ ಇಂಧನ ಬೆರೆತಿದೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಆಫ್ ಆಗುವಷ್ಟು ಸಣ್ಣ ಸಣ್ಣ ಓಡಾಟ ಇರುವ ಗಾಡಿಗಳಲ್ಲಿ, ಅದರಲ್ಲೂ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಎಂಜಿನ್‌ಗಳಲ್ಲಿ ಇದು ಕಾಣುತ್ತದೆ. ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಪಾರ್ಟಿಕ್ಯುಲೇಟ್ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳುವ ಕೆಲಸ ಅರ್ಧಕ್ಕೆ ನಿಲ್ಲುತ್ತಾ ಬಂದರೂ ಹೀಗೇ ಆಗುತ್ತದೆ.

ಇಂಧನ ಬೆರೆತ ಆಯಿಲ್ ನಿಜಕ್ಕೂ ತೆಳುವೇ. ಡಬ್ಬದ ಮೇಲೆ 40 ಇದ್ದರೂ ಒಳಗಿರುವುದು 30ರ ಮಟ್ಟಕ್ಕೋ ಇನ್ನೂ ಕೆಳಕ್ಕೋ ಇಳಿದಿರಬಹುದು. ಇದಕ್ಕೆ ದಪ್ಪ ಆಯಿಲ್ ಹಾಕಿದರೆ ಅದೂ ಹಾಗೇ ತೆಳುವಾಗುತ್ತದೆ. ಇಂಜೆಕ್ಟರ್ ಸೋರುತ್ತಿದೆಯೇ, ಕೂಲಂಟ್ (ಎಂಜಿನ್ ತಣಿಸುವ ದ್ರವ) ಹರಿವನ್ನು ತಡೆದು ಬಿಡುವ ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಬಿಸಿಯಾಗದೆ ಓಡುತ್ತಿದೆಯೇ ನೋಡಿಸಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಫಿಲ್ಟರ್ ಪೇಪರ್ ಅಥವಾ ದಪ್ಪನೆಯ ಟಿಶ್ಯೂ ಮೇಲೆ ಡಿಪ್‌ಸ್ಟಿಕ್‌ನಿಂದ ಒಂದೇ ಹನಿ ಬೀಳಿಸಿ. ಪೇಪರ್ ಅಡ್ಡಲಾಗಿ, ಕೆಳಗೆ ಏನೂ ತಾಗದ ಹಾಗೆ ಇರಲಿ. ಕೆಲವು ಗಂಟೆ ಬಿಟ್ಟು ನೋಡಿದರೆ ವೃತ್ತಗಳು ಹರಡಿರುತ್ತವೆ. ನಡುವೆ ಕಪ್ಪು, ಹೊರಗೆ ಹೋದಂತೆ ಬೂದು ನಿಧಾನಕ್ಕೆ ತಿಳಿಯಾಗುತ್ತಾ ಹೋದರೆ ಆಯಿಲ್ ಇನ್ನೂ ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತಿದೆ. ನಡುವೆ ಗಾಢ ಕಪ್ಪು ಮುದ್ದೆಯಾಗಿ ಅಂಚು ಚೂಪಾಗಿ ನಿಂತಿದ್ದರೆ ಆ ಶಕ್ತಿ ಮುಗಿದಿದೆ, ಬದಲಿಸಬೇಕು. ಹೊರ ಅಂಚಿನಲ್ಲಿ ಅಗಲವಾದ ತಿಳಿ ಉಂಗುರ ಕಂಡರೆ ಇಂಧನದ ಮೇಲೆ ಅನುಮಾನ ಪಡಿ. ಇದು ಲ್ಯಾಬ್ ಪರೀಕ್ಷೆ ಅಲ್ಲ, ದಪ್ಪವನ್ನಂತೂ ಅಳೆಯಲ್ಲ. ಆದರೆ ಯಾವ ಕಡೆ ಹುಡುಕಬೇಕು ಅಂತ ಹೇಳುತ್ತದೆ.

ಬಣ್ಣ ನೋಡಿ ದಪ್ಪ ಹೇಳುವವರನ್ನು ನಂಬಬೇಡಿ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಕೆಲವೇ ದಿನದಲ್ಲಿ ಕಪ್ಪಾಗುವುದು ಸಹಜ. ಬೆರಳ ನಡುವೆ ಉಜ್ಜಿ ‘ನೀರಾಗಿದೆ’ ಅನ್ನುವುದೂ ಅಷ್ಟೇ, ಬಿಸಿ ಆಯಿಲ್ ಎಲ್ಲರ ಬೆರಳಿಗೂ ನೀರಾಗೇ ಕಾಣುತ್ತದೆ. ಹಾಲು ಬೆರೆಸಿದಂಥ ಬಣ್ಣ ಮಾತ್ರ ಬೇರೆ ವಿಷಯ. ಅದು ಡಿಪ್‌ಸ್ಟಿಕ್‌ನಲ್ಲೇ ಕಂಡರೆ ಕೂಲಂಟ್ ಒಳಗೆ ಇಳಿಯುತ್ತಿರಬಹುದು, ಗಾಡಿ ಓಡಿಸಬೇಡಿ. ತುಂಬುವ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ಪಸೆ ಇದ್ದು, ಡಿಪ್‌ಸ್ಟಿಕ್ ಶುದ್ಧವಾಗಿದ್ದು, ಕೂಲಂಟ್ ಮಟ್ಟ ಇಳಿಯದಿದ್ದರೆ ಅದು ಹೆಚ್ಚಾಗಿ ಚಳಿಯಲ್ಲಿ ಸಣ್ಣ ಓಡಾಟದಿಂದ ಕಟ್ಟಿದ ತೇವ.

ಬಿಸಿಯಾದ ಮೇಲೆ ಆಯಿಲ್ ಲೈಟ್

ಗ್ರೇಡ್ ವಿಷಯದಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲೇ, ಎಂಜಿನ್ ಸತ್ತುಹೋಗುವುದೂ ಇಲ್ಲೇ. ಓಡುತ್ತಿರುವಾಗ ಕೆಂಪು ಆಯಿಲ್ ಲೈಟ್ ಹತ್ತಿ ಹಾಗೇ ನಿಂತರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ‘ಮುಂದಿನ ಗ್ಯಾರೇಜ್ ತನಕ ಹೋಗೋಣ’ ಅನ್ನುವ ಲೆಕ್ಕಾಚಾರ ಬೇಡ.

ಹೆಚ್ಚಿನ ಗಾಡಿಗಳಲ್ಲಿ ಈ ಲೈಟ್ ಹೊತ್ತಿಸುವ ಸ್ವಿಚ್ ಒತ್ತಡ ಸುಮಾರು 0.3ರಿಂದ 0.5 ಬಾರ್‌ಗೆ ಇಳಿದಾಗ ಕೆಲಸ ಮಾಡುತ್ತದೆ. ಅಂದರೆ ಲೈಟ್ ಹತ್ತುವಷ್ಟರಲ್ಲಿ ಒತ್ತಡ ಆಗಲೇ ತೀರಾ ಕೆಳಗಿರುತ್ತದೆ. ಅದು ಹತ್ತದಿದ್ದರೆ ಎಲ್ಲ ಸರಿ ಇದೆ ಅಂತಲೂ ಅಲ್ಲ.

ಪತ್ತೆ ಹೀಗೆ ಮಾಡಿ. ಮಟ್ಟ ಸರಿ ಇದೆ, ಪೆಟ್ರೋಲ್ ವಾಸನೆ ಇಲ್ಲ ಅಂತ ಮೊದಲೇ ನೋಡಿದ್ದೀರಿ. ಕೊನೆಯ ಸರ್ವಿಸ್‌ನಲ್ಲಿ ಯಾವ ಗ್ರೇಡ್ ಹಾಕಿದರು ಅಂತ ಬಿಲ್ ತೆಗೆದು ನೋಡಿ. ‘ಸಿಂಥೆಟಿಕ್ ಹಾಕಿದ್ದೇವೆ’ ಅನ್ನುವುದು ಉತ್ತರ ಅಲ್ಲ, ನಂಬರ್ ಬೇಕು. ಲೈಟ್ ಶುರುವಾದದ್ದು ಆ ಸರ್ವಿಸ್ ಆದ ಮೇಲೇ ಆಗಿದ್ದರೆ ಗ್ರೇಡಿನ ಮೇಲೂ ಆಯಿಲ್ ಫಿಲ್ಟರ್ ಮೇಲೂ ಅನುಮಾನ ಪಡಬಹುದು. ಸರ್ವಿಸ್‌ಗೂ ಅದಕ್ಕೂ ಸಂಬಂಧವೇ ಇಲ್ಲದೆ ನಿಧಾನವಾಗಿ ಬಂದಿದ್ದರೆ ಎಂಜಿನ್ ಒಳಗಿನ ಸವೆತದ ಕಡೆ ನೋಡಬೇಕು.

ಆಮೇಲೆ ಮೆಕ್ಯಾನಿಕಲ್ ಗೇಜ್. ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಗೇಜ್ ಕೂರಿಸಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಐಡ್ಲಿಂಗ್‌ನಲ್ಲೊಮ್ಮೆ, 2000–3000 ಆರ್‌ಪಿಎಂನಲ್ಲೊಮ್ಮೆ ಅಂಕಿ ಬರೆದುಕೊಳ್ಳಿ. ಸರ್ವಿಸ್ ಮ್ಯಾನುಯಲ್‌ನಲ್ಲಿ ಎಷ್ಟಿರಬೇಕು ಅಂತ ಕೊಟ್ಟಿರುತ್ತಾರೆ. ಎಂಜಿನ್ ಬಿಚ್ಚುವ ಮಾತೆತ್ತಿದವರನ್ನು ‘ಗೇಜ್ ಹಾಕಿ ನೋಡಿದಿರಾ?’ ಅಂತ ಕೇಳಿ. ಹಾಕದೆ ಹೇಳುವ ಮಾತು ಊಹೆ ಅಷ್ಟೆ.

ಗೇಜ್‌ನಲ್ಲಿ ಒತ್ತಡ ಸರಿ ಇದ್ದು ಲೈಟ್ ಮಾತ್ರ ಹತ್ತಿದರೆ ಸ್ವಿಚ್ ಅಥವಾ ವೈರಿಂಗ್ ಹಾಳು. ಇದು ಅಗ್ಗದ ರಿಪೇರಿ, ದೇವರ ದಯೆ ಅಂದುಕೊಳ್ಳಿ. ಐಡ್ಲಿಂಗ್‌ನಲ್ಲಿ ಕಡಿಮೆ, ಆರ್‌ಪಿಎಂ ಏರಿಸಿದರೆ ಚೆನ್ನಾಗಿ ಏರುತ್ತದೆ ಅಂದರೆ ಆಯಿಲ್ ತೆಳುವಾಗಿರಬೇಕು ಅಥವಾ ಬೇರಿಂಗ್‌ಗಳಲ್ಲಿ ಸಂದು ಜಾಸ್ತಿಯಾಗಿರಬೇಕು. ಎರಡರ ಲಕ್ಷಣವೂ ಒಂದೇ ಥರ ಇರುತ್ತದೆ, ಆದ್ದರಿಂದಲೇ ಮೆಕ್ಯಾನಿಕ್‌ಗಳೂ ಎಡವುತ್ತಾರೆ. ಬಿಡಿಸಿ ನೋಡುವುದು ಸುಲಭ: ಹೇಳಿದ ಗ್ರೇಡಿನ ಹೊಸ ಆಯಿಲ್, ಒಳ್ಳೆಯ ಫಿಲ್ಟರ್ ಹಾಕಿ ಅದೇ ಪರೀಕ್ಷೆ ಮತ್ತೆ ಮಾಡಿ. ಒತ್ತಡ ಸರಿಯಾದರೆ ದೋಷ ಹಳೆ ಆಯಿಲಿನದು. ಆಗಲೂ ಕಡಿಮೆಯೇ ಇದ್ದರೆ ಬೇರಿಂಗ್ ಅಥವಾ ಪಂಪ್ ಸವೆದಿದೆ. ಎಲ್ಲ ಆರ್‌ಪಿಎಂನಲ್ಲೂ ಒತ್ತಡ ಕಡಿಮೆ ಇದ್ದರೆ ಸಂಪ್ ಒಳಗಿನ ಜಾಲರಿ ಕಟ್ಟಿರುವುದು, ಒತ್ತಡ ಮಿತಿಮೀರದಂತೆ ತಡೆಯುವ ರಿಲೀಫ್ ವಾಲ್ವ್ ತೆರೆದು ಸಿಕ್ಕಿಕೊಂಡಿರುವುದು, ಪಂಪ್ ಹಾಳಾಗಿರುವುದು, ಇವನ್ನು ನೋಡಬೇಕು. ಜಾಲರಿ ಕಟ್ಟಿರುವಾಗ ದಪ್ಪ ಆಯಿಲ್ ಹಾಕಿದರೆ ಪಂಪ್‌ಗೆ ಹೀರಲು ಇನ್ನೂ ಕಷ್ಟ.

ದಪ್ಪ ಆಯಿಲ್ ಹಾಕಿದಾಗ ಗೇಜ್ ಮುಳ್ಳು ಮೇಲೇರುತ್ತದೆ, ನಿಜ. ಆದರೆ ಒತ್ತಡ ಏರುವುದು ಹರಿವಿಗೆ ಅಡ್ಡಿ ಹೆಚ್ಚಾದ್ದರಿಂದ. ಬೇರಿಂಗ್ ತಣ್ಣಗಿರಲು ಬೇಕಿರುವುದು ಹರಿದುಹೋಗುವ ಆಯಿಲ್. ತಣ್ಣನೆಯ ಎಂಜಿನ್‌ನಲ್ಲಿ ದಪ್ಪ ಆಯಿಲ್ ಇದ್ದರೆ ಪಂಪ್ ತಳ್ಳಿದ ಆಯಿಲ್‌ನ ಒಂದು ಪಾಲು ರಿಲೀಫ್ ವಾಲ್ವ್ ಮೂಲಕ ಹಾಗೇ ವಾಪಸ್ ಸಂಪ್‌ಗೆ ಹೋಗುತ್ತದೆ. ಮುಳ್ಳು ಮೇಲಿದೆ ಅಂತ ಖುಷಿಪಡುವ ಹೊತ್ತಿಗೆ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್‌ಗೆ ಆಯಿಲ್ ಇನ್ನೂ ತಲುಪಿರಲ್ಲ.

ಬೆಳಗಿನ ಟಕಟಕ

ಸದ್ದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎರಡು ಮೂರು ಸೆಕೆಂಡ್ ಬಂದು ಹೋದರೆ ಮೊದಲು ಫಿಲ್ಟರ್ ನೋಡಿ. ಅನೇಕ ಫಿಲ್ಟರ್‌ಗಳ ಒಳಗೆ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಇರುತ್ತದೆ. ಅಗ್ಗದ ಫಿಲ್ಟರ್‌ನಲ್ಲಿ ಅದು ಬೇಗ ಗಟ್ಟಿಯಾಗುತ್ತದೆ, ಫಿಲ್ಟರ್ ರಾತ್ರೋರಾತ್ರಿ ಖಾಲಿಯಾಗುತ್ತದೆ. ಅದಕ್ಕೆ ಗ್ರೇಡ್ ಬದಲಿಸಿ ಏನೂ ಪ್ರಯೋಜನ ಇಲ್ಲ.

ಚಳಿ ಇದ್ದಾಗ ಮಾತ್ರ ಜಾಸ್ತಿ ಹೊತ್ತು ಇದ್ದು, ಬಿಸಿಯಾದಂತೆ ಹೋದರೆ, ಆಯಿಲ್ ತುಂಬಿಕೊಂಡು ವಾಲ್ವ್ ಸಂದು ಸರಿಪಡಿಸುವ ಹೈಡ್ರಾಲಿಕ್ ಟ್ಯಾಪೆಟ್‌ಗೆ ಆಯಿಲ್ ತಡವಾಗಿ ತುಂಬುತ್ತಿರಬಹುದು. ಗಾಡಿಗೆ 5ಡಬ್ಲ್ಯೂ ಹೇಳಿದ್ದು, ಒಳಗೆ 15ಡಬ್ಲ್ಯೂ ಅಥವಾ 20ಡಬ್ಲ್ಯೂ ಇದ್ದರೆ ಇದೇ ಕಾರಣ ಅಂದುಕೊಳ್ಳಬಹುದು. ಇಲ್ಲಿ ಬೇಕಿರುವುದು ತೆಳು ಕಡೆಗಿನ ಬದಲಾವಣೆ. ‘ಸದ್ದು ಬಂತು, ದಪ್ಪ ಹಾಕಿ’ ಅನ್ನುವ ಸೂತ್ರ ಇಲ್ಲಿ ಸೀದಾ ತಲೆಕೆಳಗು.

ತಣ್ಣಗಿದ್ದಾಗ ನಿಶ್ಶಬ್ದ, ಬಿಸಿಯಾದ ಮೇಲೆ ಸದ್ದು ಅಂದರೆ ಆಯಿಲ್ ತೆಳುವಾಗಿರುವ ಸಾಧ್ಯತೆ ಇದೆ, ಮೇಲೆ ಹೇಳಿದ ಗೇಜ್ ಪರೀಕ್ಷೆಗೆ ಹೋಗಿ. ಶಿಮ್ (ತೆಳು ತಗಡು) ಅಥವಾ ಸ್ಕ್ರೂ ಇಟ್ಟು ಟ್ಯಾಪೆಟ್ ಸೆಟ್ ಮಾಡುವ ಎಂಜಿನ್ ಆಗಿದ್ದರೆ ಸಂದು ಅಳತೆ ತಪ್ಪಿರಬಹುದು, ಅದನ್ನು ಯಾವ ಆಯಿಲ್ಲೂ ಸರಿ ಮಾಡಲ್ಲ. ಇನ್ನು, ಕೆಳಗಿನಿಂದ ಡಗ್ ಡಗ್ ಅಂತ ಭಾರವಾದ ಸದ್ದು, ಲೋಡ್ ಬಿದ್ದಾಗ ಜೋರಾಗುವುದು, ಇದು ಕನೆಕ್ಟಿಂಗ್ ರಾಡ್ ಬೇರಿಂಗ್. ಎಂಜಿನ್ ಆಫ್ ಮಾಡಿ ಟೋ ಮಾಡಿಸಿ.

ಚೆಕ್ ಎಂಜಿನ್ ಲೈಟ್, ಪಿಕಪ್ ಕಡಿಮೆ

ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ವ್ಯವಸ್ಥೆ) ಇರುವ ಎಂಜಿನ್‌ಗಳಲ್ಲಿ ಕ್ಯಾಮ್‌ಶಾಫ್ಟನ್ನು ಹಿಂದೆ ಮುಂದೆ ತಿರುಗಿಸುವುದು ಆಯಿಲ್ ಒತ್ತಡವೇ. ಸಣ್ಣ ತೂತುಗಳ ಮೂಲಕ ಆಯಿಲ್ ಲೆಕ್ಕ ಹಾಕಿದ ಸಮಯಕ್ಕೆ ಹೋಗಬೇಕು. ಗ್ರೇಡ್ ತೀರಾ ದಪ್ಪವಾದರೆ ತಿರುಗುವುದು ತಡವಾಗುತ್ತದೆ, ಸ್ಕ್ಯಾನರ್‌ನಲ್ಲಿ ಕ್ಯಾಮ್‌ಶಾಫ್ಟ್ ಟೈಮಿಂಗ್ ತಪ್ಪಿದೆ ಅನ್ನುವ ಪಿ0011ರಂಥ ಕೋಡ್ ಬರುತ್ತದೆ. ಕೋಡ್ ಬಂದ ಮಾತ್ರಕ್ಕೆ ಹೊಸ ಪಾರ್ಟ್ ತರಬೇಡಿ. ಮೊದಲು ಸರಿಯಾದ ಗ್ರೇಡ್ ಹಾಕಿ, ಆಯಿಲ್ ಕಂಟ್ರೋಲ್ ವಾಲ್ವ್ ಬಿಚ್ಚಿ ಅದರ ಸಣ್ಣ ಜಾಲರಿಯಲ್ಲಿ ಕೆಸರು ಕಟ್ಟಿದೆಯೇ ನೋಡಿ, ಕೋಡ್ ಅಳಿಸಿ ಓಡಿಸಿ. ಮತ್ತೆ ಬಂದರೆ ವಾಲ್ವ್, ಟೈಮಿಂಗ್ ಚೈನ್ ಕಡೆ ಹೋಗಿ.

ಬೈಕ್‌ನಲ್ಲಿ ಕ್ಲಚ್ ಜಾರಿದರೆ

ಹೆಚ್ಚಿನ ಗೇರ್ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಆಯಿಲ್ ಬದಲಿಸಿದ ಮೇಲೆ ಜಾರಲು ಶುರುವಾದರೆ ಜನ ಗ್ರೇಡನ್ನು ಬೈಯುತ್ತಾರೆ. ಸಾಮಾನ್ಯವಾಗಿ ಕಾರಣ ದಪ್ಪ ಅಲ್ಲ, ಕಾರಿನ ಆಯಿಲ್‌ನಲ್ಲಿ ಘರ್ಷಣೆ ತಗ್ಗಿಸಲು ಸೇರಿಸುವ ರಾಸಾಯನಿಕ. ಡಬ್ಬದ ಹಿಂದೆ ಜಪಾನಿನ ಮಾನದಂಡದ ಗುರುತು ಜಾಸೋ ಎಂಎ ಅಥವಾ ಎಂಎ2 ಅಂತ ಇದೆಯೇ ನೋಡಿ. ಇದ್ದರೆ ಆಯಿಲ್‌ನಲ್ಲಿ ಮುಳುಗಿದ ಕ್ಲಚ್‌ಗೆ ಸರಿ. ಜಾಸೋ ಎಂಬಿ ಇದ್ದರೆ ಅದು ಒಣ ಕ್ಲಚ್ ಇರುವ ಸ್ಕೂಟರ್‌ಗಳಿಗೆ. ಡಬ್ಬದ ಮೇಲಿನ ಎಪಿಐ (ಅಮೆರಿಕದ ಮಾನದಂಡ) ವೃತ್ತದ ಕೆಳಭಾಗದಲ್ಲಿ ‘ರಿಸೋರ್ಸ್ ಕನ್ಸರ್ವಿಂಗ್’ ಅಂತ ಇದ್ದರೆ ಗೇರ್ ಬೈಕ್‌ಗೆ ಬೇಡ.

ಆಯಿಲ್ ಸರಿ ಇದ್ದೂ ಜಾರುತ್ತಿದ್ದರೆ ಕ್ಲಚ್ ಕೇಬಲ್‌ನಲ್ಲಿ ಸ್ವಲ್ಪ ಸಡಿಲ ಇದೆಯೇ ನೋಡಿ. ಬಿಗಿಯಾಗಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದ ಹಾಗೇ ಇರುತ್ತದೆ. ತಪ್ಪು ಆಯಿಲ್ ಹಾಕಿದ್ದರೆ ತೆಗೆದು ಸರಿಯಾದ್ದು ಹಾಕಿ ಸ್ವಲ್ಪ ದಿನ ಓಡಿಸಿ, ಎಷ್ಟೋ ಸಲ ಹಿಡಿತ ವಾಪಸ್ ಬರುತ್ತದೆ. ಬರದಿದ್ದರೆ ಪ್ಲೇಟ್ ಬದಲಿಸಬೇಕು.

ಆಯಿಲ್ ಕುಡಿಯುವ ಎಂಜಿನ್

ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್. ಎಳೆಯುವಾಗೆಲ್ಲ ಬಂದರೆ ಪಿಸ್ಟನ್ ರಿಂಗ್. ಹೊಗೆ ಇಲ್ಲದೆ ಮಟ್ಟ ಇಳಿದರೆ ಹೊರಗಡೆ ಸೋರಿಕೆ ಹುಡುಕಿ, ಎಂಜಿನ್ ಒಳಗಿನ ಅನಿಲವನ್ನು ಹೊರತೆಗೆಯುವ ಪಿಸಿವಿ ವಾಲ್ವ್ ಕಟ್ಟಿದೆಯೇ ನೋಡಿ. ಸವೆದ ಹಳೆ ಎಂಜಿನ್‌ನಲ್ಲಿ ಒಂದು ಹಂತ ದಪ್ಪ ಆಯಿಲ್ ಬಳಕೆಯನ್ನು ಸ್ವಲ್ಪ ತಗ್ಗಿಸುತ್ತದೆ. ರಿಪೇರಿಗೆ ಹಣ ಹಾಕುವಷ್ಟು ಗಾಡಿಗೆ ಬೆಲೆ ಇಲ್ಲದಿದ್ದರೆ ಅದು ನ್ಯಾಯವಾದ ರಾಜಿಯೇ. ರಿಪೇರಿ ಅಂತ ಮಾತ್ರ ಕರೆಯಬೇಡಿ.

ಮೈಲೇಜ್ ಬಿದ್ದದ್ದಕ್ಕೆ ಗ್ರೇಡನ್ನು ದೂರುವವರು ಇದ್ದಾರೆ. 5ಡಬ್ಲ್ಯೂ-30 ಬೇಕಾದಲ್ಲಿ 10ಡಬ್ಲ್ಯೂ-30 ಹಾಕಿದರೆ ಆಗುವ ನಷ್ಟ ಶೇ 1–2ರಷ್ಟು. ಅದಕ್ಕಿಂತ ಜಾಸ್ತಿ ಬಿದ್ದಿದ್ದರೆ ಟೈರ್ ಗಾಳಿ, ಬ್ರೇಕ್ ಹಿಡಿತ ನೋಡಿ.

ನಿಜಕ್ಕೂ ನಂಬರ್ ಬದಲಿಸಬೇಕಾದಾಗ

ಮ್ಯಾನುಯಲ್ ತೆಗೆದರೆ ಅನೇಕ ಗಾಡಿಗಳಿಗೆ ಒಂದೇ ಗ್ರೇಡ್ ಅಲ್ಲ, ಹೊರಗಿನ ತಾಪಮಾನಕ್ಕೆ ತಕ್ಕಂತೆ ಎರಡು ಮೂರು ಗ್ರೇಡ್‌ಗಳ ಪಟ್ಟಿ ಇರುತ್ತದೆ. ಬಿಸಿಲ ನಾಡಿನಲ್ಲಿ ಭಾರ ಹೊತ್ತು, ಘಾಟಿ ಹತ್ತುವ ಗಾಡಿಗೆ ಆ ಪಟ್ಟಿಯ ದಪ್ಪದ ಕಡೆಯದನ್ನು ಆರಿಸಿ. ಚಳಿ ಪ್ರದೇಶದ ಸಣ್ಣ ಓಡಾಟಕ್ಕೆ ತೆಳು ಕಡೆಯದು. ಪಟ್ಟಿಯ ಒಳಗೇ ಇದ್ದರೆ ವಾರಂಟಿ ಚಿಂತೆಯೂ ಇಲ್ಲ. ಬದಲಿಸುವಾಗ ಎರಡನೆಯ ನಂಬರನ್ನು ಒಂದೇ ಹಂತ ಏರಿಸಿ, ಮೊದಲನೆಯದನ್ನು ಹಾಗೇ ಬಿಡಿ. 5ಡಬ್ಲ್ಯೂ-30 ಇದ್ದಲ್ಲಿ 5ಡಬ್ಲ್ಯೂ-40. ಒಮ್ಮೆಲೇ 20ಡಬ್ಲ್ಯೂ-50ಕ್ಕೆ ಹಾರಬೇಡಿ.

0ಡಬ್ಲ್ಯೂ-16, 0ಡಬ್ಲ್ಯೂ-20 ಹೇಳಿರುವ ಹೊಸ ಎಂಜಿನ್‌ಗಳಲ್ಲಿ ಪಂಪ್, ತೂತುಗಳು, ಬೇರಿಂಗ್ ಎಲ್ಲ ಆ ಆಯಿಲ್ ಲೆಕ್ಕದಲ್ಲೇ ಮಾಡಿರುತ್ತಾರೆ, ಅಲ್ಲಿ ದಪ್ಪದ್ದು ಬೇಡ. ಇನ್ನೊಂದು ಕಡೆ, 40ರ ಆಯಿಲ್‌ಗೆ ಮಾಡಿದ ಹಳೆ ಎಂಜಿನ್‌ಗೆ ಮೈಲೇಜ್ ಆಸೆಗೆ 20 ಹಾಕುವುದು ಇನ್ನೂ ಅಪಾಯ. 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನಂಥ ತಿಕ್ಕಾಟದಲ್ಲಿ ಅಳೆಯುವ ಎಚ್‌ಟಿಎಚ್‌ಎಸ್ ಅಂಕಿ 20ರ ಆಯಿಲ್‌ಗೆ ಕನಿಷ್ಠ 2.6 ಇದ್ದರೆ ಸಾಕು, 5ಡಬ್ಲ್ಯೂ-40ಕ್ಕೆ 3.5 ಬೇಕು. ಬೇರಿಂಗ್ ಒಳಗಿನ ತೆಳ್ಳನೆಯ ಆಯಿಲ್ ಪದರದ ಮೇಲೆಯೇ ಕ್ರ್ಯಾಂಕ್‌ಶಾಫ್ಟ್ ತೇಲುತ್ತಿರುತ್ತದೆ.

ಪಾರ್ಟಿಕ್ಯುಲೇಟ್ ಫಿಲ್ಟರ್ ಇರುವ ಡೀಸೆಲ್ ಗಾಡಿಗೆ ನಂಬರ್ ಹೊಂದಿದರೆ ಸಾಲದು. ಬೂದಿ ಕಡಿಮೆ ಬಿಡುವ ಆಯಿಲ್ ಬೇಕು, ಯುರೋಪಿನ ಮಾನದಂಡವಾದ ಎಸಿಇಎ ಸಿ3ಯಂಥ ಗುರುತು ಮ್ಯಾನುಯಲ್‌ನಲ್ಲಿ ಹೇಳಿದ್ದಕ್ಕೆ ಹೊಂದಬೇಕು. ನಂಬರ್ ಸರಿ ಇದ್ದು ಈ ಗುರುತು ತಪ್ಪಿದರೆ ಎಂಜಿನ್ ಚೆನ್ನಾಗೇ ಓಡುತ್ತದೆ, ಫಿಲ್ಟರ್ ಮಾತ್ರ ಬೂದಿ ತುಂಬಿಕೊಂಡು ಬೇಗ ಹೋಗುತ್ತದೆ.

ದಾರಿಯಲ್ಲಿ ಆಯಿಲ್ ಕಡಿಮೆಯಾಗಿ, ಸರಿಯಾದ ಗ್ರೇಡ್ ಸಿಗದಿದ್ದರೆ ಸಿಕ್ಕಿದ ಎಂಜಿನ್ ಆಯಿಲ್ ಸ್ವಲ್ಪ ಹಾಕಿ ಮಟ್ಟಕ್ಕೆ ತನ್ನಿ. ಮಿನರಲ್, ಸಿಂಥೆಟಿಕ್ ಬೆರೆತರೆ ಎಂಜಿನ್ ಕೆಡುತ್ತದೆ ಅನ್ನುವ ಹೆದರಿಕೆ ಬೇಡ, ಕಡಿಮೆ ಆಯಿಲ್‌ನಲ್ಲಿ ಓಡಿಸುವುದೇ ಹೆಚ್ಚು ಅಪಾಯ. ಊರು ಸೇರಿದ ಮೇಲೆ ಬದಲಿಸಿಕೊಂಡರಾಯಿತು. ಗ್ರೇಡ್ ಬದಲಿಸಿದ ಮೇಲೆ ಮಾತ್ರ ಮೊದಲ ಕೆಲವು ವಾರ ಎರಡು ಸಂಗತಿ ಗಮನಿಸಿ: ತಣ್ಣನೆ ಸ್ಟಾರ್ಟ್ ಆದಾಗ ಆಯಿಲ್ ಲೈಟ್ ಆರಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆಯೇ, ಮತ್ತು ಡಿಪ್‌ಸ್ಟಿಕ್ ಮಟ್ಟ ಎಷ್ಟು ಇಳಿಯುತ್ತದೆ. ಲೈಟ್ ತಡವಾಗಿ ಆರಿದರೆ ಹಳೆ ಗ್ರೇಡಿಗೇ ವಾಪಸ್ ಹೋಗಿ.